ರಕ್ಷಣೆಯಲ್ಲಿ ನಮ್ಮ ಪಾಲೆಷ್ಟು?

(ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಇಸವಿಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಕ್ರೈಸ್ತರು 'ರಕ್ಷಣೆ' ಎನ್ನುವುದು ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದಕ್ಕೆ. ಅದು ಪೂರ್ತಿ ದೇವರ ಕೃಪೆಯೋ, ಅದರಲ್ಲಿ ನಮ್ಮ ಇಚ್ಛೆಯ ಪಾಲೂ ಇದೆಯೋ ಎಂಬ ಹಳೆಯ ಜಗಳದ ಕತೆ ಇದು.

5ನೇ ಶತಮಾನದ ಶುರುವಿನ ರೋಮ್ ನಗರ. ಒಬ್ಬ ಬಿಷಪ್ ಮಾತಿನ ನಡುವೆ ಒಂದು ಪುಸ್ತಕದ ಸಾಲು ಹೇಳುತ್ತಾನೆ. ದೇವರ ಮುಂದೆ ಇಡುವ ಬಿನ್ನಹ ಅದು. 'ನೀನು ಏನನ್ನು ಆಜ್ಞಾಪಿಸುತ್ತೀಯೋ ಅದನ್ನು ನೀನೇ ಕೊಡು, ಆಮೇಲೆ ಏನು ಬೇಕೋ ಆಜ್ಞಾಪಿಸು' ಎನ್ನುವ ಅರ್ಥದ್ದು. ಕೇಳುತ್ತಿದ್ದ ಪೆಲಾಜಿಯಸ್ ಎಂಬವನಿಗೆ ತಡೆಯಲಾಗಲಿಲ್ಲ. ಎದುರು ಮಾತಾಡಿದ, ಹೆಚ್ಚುಕಮ್ಮಿ ಜಗಳಕ್ಕೇ ನಿಂತ. ಈ ಸಂಗತಿಯನ್ನು ಬರೆದಿಟ್ಟವನು ಆ ಸಾಲು ಬರೆದವನೇ, ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್.

ಒಂದು ಪ್ರಾರ್ಥನೆಗೆ ಯಾರಾದರೂ ಸಿಟ್ಟಾಗುತ್ತಾರಾ? ಪೆಲಾಜಿಯಸ್ ಬ್ರಿಟನ್ ಕಡೆಯವನು. ಶಿಸ್ತಿನ ಮನುಷ್ಯ. ರೋಮ್‌ನ ಸಿರಿವಂತರ ಮನೆಗಳಲ್ಲಿ ಅವನ ಮಾತಿಗೆ ಬೆಲೆ ಇತ್ತು. ಅಷ್ಟು ಹೊತ್ತಿಗೆ ಕ್ರೈಸ್ತ ಧರ್ಮ ಸಾಮ್ರಾಜ್ಯದ ಧರ್ಮವಾಗಿತ್ತು. ಹಿಂಸೆ ಕೊಡುವವರು ಇರಲಿಲ್ಲ. ಕ್ರೈಸ್ತರಾಗುವುದು ಕಷ್ಟದ ಬದಲು ಅನುಕೂಲದ ವಿಷಯವಾಗಿತ್ತು. 'ನಾವು ಮನುಷ್ಯರು, ದುರ್ಬಲರು, ಏನು ಮಾಡೋಣ' ಎಂದು ಕೈಚೆಲ್ಲುವವರೇ ಜಾಸ್ತಿ. ಇಂಥವರಿಗೆ ಈ ಪ್ರಾರ್ಥನೆ ಸಿಕ್ಕರೆ ಸೋಮಾರಿತನಕ್ಕೆ ಒಂದು ಮಂತ್ರ ಸಿಕ್ಕಂತೆ ಅಲ್ವಾ? ಪೆಲಾಜಿಯಸ್‌ನ ವಾದ ನೇರ. ನಮ್ಮಿಂದ ಆಗದ್ದನ್ನು ದೇವರು ಹೇಳುವುದಿಲ್ಲ. ಹೇಳಿದ್ದಾನೆ ಅಂದರೆ ಆಗುತ್ತದೆ. ಸನ್ಯಾಸಿನಿಯಾಗಲು ಹೊರಟ ಡೆಮೆಟ್ರಿಯಾಸ್ ಎಂಬ ಶ್ರೀಮಂತ ಮನೆಯ ಹುಡುಗಿಗೆ ಅವನು ಬರೆದ ಪತ್ರ ಉಳಿದಿದೆ. ಅದರಲ್ಲಿ ಅವನು ಮೊದಲು ಹೇಳುವುದೇ ಮನುಷ್ಯ ಸ್ವಭಾವಕ್ಕೆ ಎಷ್ಟು ಶಕ್ತಿ ಇದೆ ಎಂಬುದನ್ನು. ಮುಟ್ಟುತ್ತೇನೆ ಎಂಬ ಆಸೆಯೇ ಇಲ್ಲದಿದ್ದರೆ ಯಾರೂ ದಾರಿ ಹಿಡಿಯುವುದಿಲ್ಲ ಎನ್ನುವುದು ಅವನ ಲೆಕ್ಕ. ಒಳ್ಳೆಯ ಮೇಷ್ಟರ ಮಾತು ಇದು. ಪಾಷಂಡಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರ ಮಾತನ್ನು ಅವರ ಬಾಯಿಂದಲೇ ಒಮ್ಮೆ ಕೇಳಬೇಕು.

ಇನ್ನು ಅಗಸ್ಟೀನ್. ದೇವರು ಕೊಡದೆ ನಮ್ಮಿಂದ ಒಳ್ಳೆಯದು ಆಗದು ಎಂಬ ತೀರ್ಮಾನಕ್ಕೆ ಅವನು ಬಂದದ್ದು ತರ್ಕದಿಂದ ಅಲ್ಲ, ತನ್ನನ್ನು ತಾನು ನೋಡಿಕೊಂಡು. 16ನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ರಾತ್ರಿ ಪೇರು ಹಣ್ಣು ಕದ್ದಿದ್ದ. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಕದ್ದದ್ದನ್ನು ಹೆಚ್ಚಿನಂಶ ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದು ಯಾಕೆ? ಕದಿಯುವುದೇ ಬೇಕಾಗಿತ್ತು, ಅಷ್ಟೇ. ಮುಂದೆ ಮಿಲಾನಿನಲ್ಲಿದ್ದಾಗ, ಮೂವತ್ತು ದಾಟಿದ ಮೇಲೆ, ಹಳೆಯ ಚಾಳಿ ಬಿಡಬೇಕೆಂದು ಒದ್ದಾಡಿದ. ಅಲ್ಲಿ ಅವನು ಕಂಡುಕೊಂಡ ಒಂದು ಸಣ್ಣ ಸಂಗತಿ ನನಗೆ ಇಡೀ ಚರ್ಚೆಯಲ್ಲೇ ತುಂಬಾ ದೊಡ್ಡದು. ಮನಸ್ಸು ಕೈಗೆ 'ಎತ್ತು' ಎಂದರೆ ಕೈ ಎತ್ತುತ್ತದೆ. ಅದೇ ಮನಸ್ಸು ಮನಸ್ಸಿಗೇ 'ಇದನ್ನು ಬಯಸು' ಎಂದರೆ ಅದು ಕೇಳುವುದಿಲ್ಲ. ಆಳುವುದೂ ಅದೇ, ದಂಗೆ ಏಳುವುದೂ ಅದೇ. ಬೆಳಗ್ಗೆ ಐದಕ್ಕೆ ಏಳಬೇಕೆಂದು ರಾತ್ರಿ ಅಲಾರಂ ಇಟ್ಟ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ 'ಮನುಷ್ಯನಿಗೆ ಬೇಕಾದ್ದನ್ನು ಮಾಡುವ ಸ್ವಾತಂತ್ರ್ಯ ಇದೆಯಾ' ಎನ್ನುವುದು ಅಗಸ್ಟೀನ್‌ನ ಪ್ರಶ್ನೆಯಲ್ಲ. ಅದು ಇದೆ. ತೊಂದರೆ ಇರುವುದೇ ಅಲ್ಲಿ. ನಮಗೆ ಬೇಕಾಗುವುದೇ ಕೆಟ್ಟದ್ದು. ಒಳ್ಳೆಯದು ಬೇಕು ಅನ್ನಿಸಬೇಕಾದರೆ ಬಯಕೆಯೇ ಬದಲಾಗಬೇಕು, ಅದನ್ನು ಬದಲಿಸುವುದು ಕೃಪೆ. ಆ ಕೃಪೆ ಎಲ್ಲರಿಗೂ ಯಾಕೆ ಬರುವುದಿಲ್ಲ? ದೇವರಿಗೆ ಗೊತ್ತು. ಇಲ್ಲಿಂದ ಶುರುವಾದ ಗಂಟು 1,600 ವರ್ಷವಾದರೂ ಬಿಚ್ಚಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಇದು ಮನುಷ್ಯನ ಇಚ್ಛೆಯ ಬಗ್ಗೆ ನಡೆದ ಜಗಳದಂತೆ ಕಾಣುತ್ತದೆ. ಒಳಗೆ ಹೊಕ್ಕು ನೋಡಿದರೆ, ದೇವರು ಎಂಥವನು ಎಂಬ ಬಗ್ಗೆ ನಡೆದ ಜಗಳ. ಒಂದು ಕಡೆಯವರು ಸೋತವನಿಗೆ ಸಿಗಬೇಕಾದ ನೆಮ್ಮದಿಯನ್ನು ಕಾಯುತ್ತಿದ್ದಾರೆ. ಇನ್ನೊಂದು ಕಡೆಯವರು ದೇವರ ಒಳ್ಳೆಯತನವನ್ನು ಕಾಯುತ್ತಿದ್ದಾರೆ. ಇಬ್ಬರೂ ಅದಕ್ಕಾಗಿ ಏನೋ ಒಂದನ್ನು ತೆರುತ್ತಾರೆ. ಏನು ತೆತ್ತರು ಎಂದು ನೋಡುತ್ತಾ ಹೋದರೆ ಚರಿತ್ರೆ ಸುಲಭವಾಗಿ ಅರ್ಥವಾಗುತ್ತದೆ.

418ರಲ್ಲಿ ಕಾರ್ಥೇಜ್ ಊರಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಆದರೆ ಅಗಸ್ಟೀನ್ ಪೂರ್ತಿ ಗೆದ್ದ ಎಂದು ತಿಳಿಯಬೇಡಿ. ಈಗಿನ ಫ್ರಾನ್ಸಿನ ದಕ್ಷಿಣದ ಮಠಗಳಲ್ಲಿ ಜಾನ್ ಕ್ಯಾಸಿಯನ್ ಮುಂತಾದವರು, ಮೊದಲ ಹೆಜ್ಜೆ ಕೆಲವೊಮ್ಮೆ ನಮ್ಮದೇ ಇರುತ್ತದೆ ಎಂದರು. 529ರ ಆರೆಂಜ್ ಸಭೆ ಅದನ್ನೂ ಒಪ್ಪಲಿಲ್ಲ. ಮೊದಲ ಹೆಜ್ಜೆಯೂ ಕೃಪೆಯದೇ ಎಂದಿತು. ಆದರೆ ದೇವರು ಕೆಲವರನ್ನು ಕೇಡಿಗೆಂದೇ ನೇಮಿಸಿದ್ದಾನೆ ಎನ್ನುವವರಿಗೂ ಧಿಕ್ಕಾರ ಹೇಳಿತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಂತೂ ಈ ಜಗಳಕ್ಕೆ ಅಷ್ಟಾಗಿ ಇಳಿಯಲಿಲ್ಲ. ರಕ್ಷಣೆ ಎಂದರೆ ದೇವರೂ ಮನುಷ್ಯನೂ ಕೂಡಿ ನಡೆಸುವ ಕೆಲಸ ಎಂಬುದು ಅವರ ನಿಲುವು. ದೇವರ ಮಾತು ಮೀರಿದ ಮೊದಲ ಮನುಷ್ಯ ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದೌರ್ಬಲ್ಯ, ಅವನ ಅಪರಾಧವಲ್ಲ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಬೈಬಲ್ ನೋಡಿದರೆ ಉತ್ತರ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ, ಎರಡೂ ಸಿಗುತ್ತವೆ! ಧರ್ಮೋಪದೇಶಕಾಂಡದಲ್ಲಿ ಮೋಶೆ ಜನರ ಮುಂದೆ ಬದುಕು, ಸಾವು ಎರಡನ್ನೂ ಇಟ್ಟು ಬದುಕನ್ನು ಆರಿಸಿಕೊಳ್ಳಿ ಎನ್ನುತ್ತಾನೆ. ವಿಮೋಚನಕಾಂಡದಲ್ಲಿ ದೇವರೇ ಈಜಿಪ್ಟಿನ ದೊರೆ ಫರೋಹನ ಹೃದಯವನ್ನು ಕಠಿಣ ಮಾಡುತ್ತಾನೆ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ. ಅವಳಿಗಳಾದ ಯಾಕೋಬ, ಏಸಾವರು ಹುಟ್ಟುವ ಮೊದಲೇ ದೇವರ ಆಯ್ಕೆ ನಡೆದಿತ್ತು, ಕುಂಬಾರನಿಗೆ ಮಣ್ಣು ಎದುರಾಡುತ್ತದೆಯೇ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯ. ಫಿಲಿಪ್ಪಿಯವರಿಗೆ ಬರೆದದ್ದರಲ್ಲಿ ಪೌಲ ಎರಡನ್ನೂ ಒಟ್ಟೊಟ್ಟಿಗೇ ಹೇಳಿಬಿಡುತ್ತಾನೆ. ನಿಮ್ಮ ರಕ್ಷಣೆಯ ಕೆಲಸವನ್ನು ಭಯದಿಂದ ನಡುಗುತ್ತಾ ನಡೆಸಿ, ಯಾಕೆಂದರೆ ನಿಮ್ಮಲ್ಲಿ ಬಯಸುವಂತೆಯೂ ಮಾಡುವಂತೆಯೂ ಪ್ರೇರಿಸುವವನು ದೇವರೇ ಎಂದು. ಆ 'ಯಾಕೆಂದರೆ' ಇದೆಯಲ್ಲ, ಅದರ ಮುಂದೆ ನಿಂತು ಎರಡೂ ಪಕ್ಷದವರು ಬೆವರಿದ್ದಾರೆ.

ಈಗ ಒಂದು ಸಾವಿರ ವರ್ಷ ಹಾರೋಣ.

1524. ಯುರೋಪಿನ ದೊಡ್ಡ ವಿದ್ವಾಂಸ ಎರಾಸ್ಮಸ್, ಪೋಪನಿಗೆ ಎದುರು ನಿಂತ ಜರ್ಮನಿಯ ಪಾದ್ರಿ ಲೂಥರ್‌ನ ವಿರುದ್ಧ ಬರೆಯಬೇಕೆಂಬ ಒತ್ತಾಯಕ್ಕೆ ಕೊನೆಗೂ ಮಣಿದ. ಬರೆದದ್ದು ಪೋಪನ ಪರವಾಗಿ ಅಲ್ಲ, ಮನುಷ್ಯನ ಇಚ್ಛೆಯ ಪರವಾಗಿ. ಅದರಲ್ಲಿ ಅವನು ಕೊಡುವ ಒಂದು ಚಿತ್ರ ಹೀಗಿದೆ. ಇನ್ನೂ ನಡೆಯಲು ಬಾರದ ಮಗು ಬಿದ್ದಿದೆ. ಅಪ್ಪ ಎತ್ತಿ ನಿಲ್ಲಿಸುತ್ತಾನೆ, ಎದುರಿಗಿರುವ ಸೇಬು ತೋರಿಸುತ್ತಾನೆ. ಮಗುವಿಗೆ ಓಡುವ ಆಸೆ, ಕಾಲಲ್ಲಿ ಬಲವಿಲ್ಲ. ಅಪ್ಪ ಕೈ ಹಿಡಿದು ಹೆಜ್ಜೆ ಹಾಕಿಸುತ್ತಾನೆ. ಕೊನೆಗೆ ಸೇಬನ್ನೂ ಅವನೇ ಮಗುವಿನ ಕೈಗೆ ಇಡುತ್ತಾನೆ. ಅಪ್ಪನಿಲ್ಲದೆ ಒಂದೂ ನಡೆಯುತ್ತಿರಲಿಲ್ಲ. ಆದರೂ ಮಗು ಏನೂ ಮಾಡಲಿಲ್ಲ ಎನ್ನಲಾಗುತ್ತದಾ? ಸ್ವಲ್ಪ ಮಾಡಿತು. ಆ ಸ್ವಲ್ಪ ಸಾಕು ಎರಾಸ್ಮಸ್‌ಗೆ. ಅದೂ ಇಲ್ಲದಿದ್ದರೆ ಪಾಪಕ್ಕೆ ಶಿಕ್ಷೆ ಕೊಡುವ ದೇವರು ನ್ಯಾಯವಂತ ಹೇಗಾಗುತ್ತಾನೆ ಎನ್ನುವುದು ಅವನ ಅಳುಕು.

ಲೂಥರ್ ಉತ್ತರಿಸಲು ಒಂದು ವರ್ಷ ಮೀರಿ ತೆಗೆದುಕೊಂಡ. ನಡುವೆ ರೈತರ ದಂಗೆ ಇತ್ತು, ಅವನ ಮದುವೆಯೂ ಇತ್ತು. 1525ರ ಡಿಸೆಂಬರಿನಲ್ಲಿ ಬಂದ ಉತ್ತರ ಸಿಡಿಲಿನ ಹಾಗಿತ್ತು. ಬೈಗುಳವೂ ಸಾಕಷ್ಟಿದೆ. ಆದರೆ ಕೊನೆಯಲ್ಲಿ ಎರಾಸ್ಮಸ್‌ನನ್ನು ಹೊಗಳುತ್ತಾನೆ. ಉಳಿದವರೆಲ್ಲ ಪೋಪ್, ಶುದ್ಧೀಕರಣ ಸ್ಥಳ, ಪಾಪವಿಮೋಚನೆಯ ಚೀಟಿ ಎಂದು ಚಿಲ್ಲರೆ ವಿಷಯಗಳಲ್ಲೇ ಪೀಡಿಸಿದರು, ನೀನೊಬ್ಬನೇ ಸರಿಯಾಗಿ ಕುತ್ತಿಗೆಗೇ ಕೈ ಹಾಕಿದೆ ಎಂದು. ಪಾಪವಿಮೋಚನೆಯ ಚೀಟಿಯಿಂದಲೇ ಪ್ರೊಟೆಸ್ಟೆಂಟ್ ಚಳವಳಿ ಹುಟ್ಟಿತು ಎಂದು ಶಾಲೆಯಲ್ಲಿ ಓದಿದ ನಮಗೆ ಇದು ಸ್ವಲ್ಪ ಆಶ್ಚರ್ಯವೇ.

ಲೂಥರ್‌ನ ಪ್ರಕಾರ ಮನುಷ್ಯನ ಇಚ್ಛೆ ಸವಾರಿಯ ಪಶು. ದೇವರು ಹತ್ತಿದರೆ ದೇವರು ಹೇಳಿದ ಕಡೆ, ಸೈತಾನ ಹತ್ತಿದರೆ ಅವನು ಹೇಳಿದ ಕಡೆ. ಸವಾರ ಯಾರೆಂದು ಪಶು ಆರಿಸುವುದಿಲ್ಲ. ಈ ಚಿತ್ರವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದೇ ಪುಸ್ತಕದ ಕೊನೆ ಭಾಗದ ಇನ್ನೊಂದು ಮಾತು. ಸ್ವತಂತ್ರ ಇಚ್ಛೆಯನ್ನು ಕೊಡುತ್ತೇನೆಂದರೂ ನನಗೆ ಬೇಡ ಎನ್ನುತ್ತಾನೆ. ಯಾಕಂತೆ? ರಕ್ಷಣೆ ನನ್ನ ಕೈಯಲ್ಲಿದ್ದರೆ, ನಾನು ಮಾಡಿದ್ದು ಸಾಕಾಯಿತೋ ಇಲ್ಲವೋ ಎಂದು ಸಾಯುವ ತನಕ ಅನುಮಾನ ಕಾಡುತ್ತದೆ. ಮಠದಲ್ಲಿದ್ದಾಗ ವರ್ಷಗಟ್ಟಲೆ ಆ ನೋವು ತಿಂದಿದ್ದೇನೆ. ಈಗ ದೇವರು ಅದನ್ನು ತನ್ನ ಕೈಗೆ ತೆಗೆದುಕೊಂಡಿದ್ದಾನೆ, ನನಗೆ ನಿದ್ದೆ ಬರುತ್ತದೆ. ಹೆಚ್ಚುಕಮ್ಮಿ ಈ ಅರ್ಥ. ನಮಗೆ ಸೆರೆಯಂತೆ ಕಾಣುವ ಬೋಧನೆ ಅವನಿಗೆ ಬಿಡುಗಡೆಯಾಗಿತ್ತು. ಜೊತೆಯಲ್ಲಿ ಕೂತು ಊಟ ಮಾಡಲು ನನಗೆ ಎರಾಸ್ಮಸ್ ಇಷ್ಟ. ಆದರೆ ವಾದದಲ್ಲಿ ಲೂಥರ್‌ನ ಹಿಡಿತವೇ ಬಿಗಿ.

ಲೂಥರ್‌ನ ನಂತರದ ತಲೆಮಾರಿನ ಪ್ರೊಟೆಸ್ಟೆಂಟ್ ನಾಯಕ, ಜಿನೀವಾದ ಕಾಲ್ವಿನ್. ಯಾರಿಗೆ ರಕ್ಷಣೆ ಎಂದು ದೇವರು ಮೊದಲೇ ತೀರ್ಮಾನಿಸಿದ್ದಾನೆ ಎಂಬ ಬೋಧನೆಯೇ ಪೂರ್ವನಿರ್ಧಾರ. ಕಾಲ್ವಿನ್ ಎಂದರೆ ಪೂರ್ವನಿರ್ಧಾರ, ಪೂರ್ವನಿರ್ಧಾರ ಎಂದರೆ ಕಾಲ್ವಿನ್ ಎಂದಾಗಿಬಿಟ್ಟಿದೆ. ಅವನ ದೊಡ್ಡ ಗ್ರಂಥದ 1559ರ ಕೊನೆಯ ಆವೃತ್ತಿಯಲ್ಲಿ ಆ ವಿಷಯ ಬರುವುದು ಮೂರನೇ ಭಾಗದಲ್ಲಿ, ನಂಬಿಕೆ, ಪಶ್ಚಾತ್ತಾಪ, ಪ್ರಾರ್ಥನೆ ಎಲ್ಲ ಮುಗಿದ ಮೇಲೆ. ಅವನು ಶುರು ಮಾಡುವುದು ಒಬ್ಬ ಪಾದ್ರಿ ಕಣ್ಣಾರೆ ಕಂಡ ಸಂಗತಿಯಿಂದ. ಒಂದೇ ಬೋಧನೆ ಕೇಳಿದವರಲ್ಲಿ ಒಬ್ಬನ ಬದುಕು ಬದಲಾಗುತ್ತದೆ, ಪಕ್ಕದವನು ಹಾಗೆಯೇ ಎದ್ದು ಹೋಗುತ್ತಾನೆ. ಯಾಕೆ? ಮೊದಲಿನವನು ಒಳ್ಳೆಯವನು ಎಂದರೆ ಹೊಗಳಿಕೆ ಅವನಿಗೆ ಹೋಗುತ್ತದೆ. ಅದನ್ನು ತಪ್ಪಿಸಲು ಕಾಲ್ವಿನ್, ದೇವರು ಆರಿಸಿದ್ದಾನೆ ಎಂದ. ಅಲ್ಲಿಗೇ ನಿಲ್ಲದೆ, ಉಳಿದವರನ್ನು ಕೈಬಿಟ್ಟದ್ದೂ ಅವನ ತೀರ್ಮಾನವೇ ಎಂದ. ಆ ತೀರ್ಪು ಭಯಂಕರ, ನಾನೂ ಒಪ್ಪುತ್ತೇನೆ ಎಂದು ತಾನೇ ಬರೆದ. ಬೆಲೆ ಎಷ್ಟೆಂದು ಅವನಿಗೆ ಗೊತ್ತಿತ್ತು. 1551ರಲ್ಲಿ ಜೆರೋಮ್ ಬೋಲ್ಸೆಕ್ ಎಂಬ ವೈದ್ಯ ಜಿನೀವಾದಲ್ಲಿ ಎದ್ದುನಿಂತು, ಇದರಿಂದ ದೇವರೇ ಪಾಪದ ಕರ್ತೃ ಆಗುತ್ತಾನೆ ಎಂದ. ಅವನನ್ನು ಊರಿಂದ ಹೊರಗೆ ಹಾಕಿದರು. ಅವನ ಪ್ರಶ್ನೆ ಮಾತ್ರ ಊರು ಬಿಡಲಿಲ್ಲ.

ಅದು ಹಾಲೆಂಡಿನಲ್ಲಿ ಮತ್ತೆ ಎದ್ದಿತು. ಲೈಡನ್ ವಿಶ್ವವಿದ್ಯಾಲಯದ ಅಧ್ಯಾಪಕ ಅರ್ಮಿನಿಯಸ್ ಕಾಲ್ವಿನ್ ಪಂಥದವನೇ. ಅವನು 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶಗಳ ಮನವಿ ಸಲ್ಲಿಸಿದರು. ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ, ಯಾರು ನಂಬುತ್ತಾರೋ ಅವರನ್ನು ದೇವರು ಆರಿಸಿದ್ದಾನೆ, ಕೃಪೆಯನ್ನು ಮನುಷ್ಯ ಬೇಡವೆಂದು ತಳ್ಳಬಲ್ಲ, ಹೀಗೆ. ಅದರಲ್ಲಿ ಒಂದನ್ನು ಜನ ಮರೆಯುತ್ತಾರೆ. ಕೃಪೆ ಇಲ್ಲದೆ ಮನುಷ್ಯ ಯಾವ ಒಳ್ಳೆಯದನ್ನೂ ಯೋಚಿಸಲಾರ ಎಂದು ಅವರೂ ಬರೆದಿದ್ದರು. ಅಂದರೆ ಅವರು ಪೆಲಾಜಿಯಸ್ ಅಲ್ಲವೇ ಅಲ್ಲ. ಬಾಗಿಲು ತೆರೆಯುವುದು ದೇವರೇ, ಒಳಗೆ ಎಳೆದುಕೊಂಡು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ವ್ಯತ್ಯಾಸಕ್ಕೆ ಡಾರ್ಡ್ರೆಕ್ಟ್ ಊರಲ್ಲಿ 1618ರ ನವೆಂಬರಿನಿಂದ 1619ರ ಮೇ ತನಕ ದೊಡ್ಡ ಸಭೆ ನಡೆಯಿತು. ಬೇರೆ ದೇಶಗಳಿಂದಲೂ ಪ್ರತಿನಿಧಿಗಳು ಬಂದರು. ಅರ್ಮಿನಿಯಸ್ ಕಡೆಯವರನ್ನು ಕರೆಸಿದ್ದು ಚರ್ಚೆಗಲ್ಲ, ವಿಚಾರಣೆಗೆ. ಜನವರಿಯಲ್ಲಿ ಅವರನ್ನು ಹೊರಗೆ ಕಳಿಸಿದರು. ಸುಮಾರು 200 ಪಾದ್ರಿಗಳ ಕೆಲಸ ಹೋಯಿತು. ಇದರ ಹಿಂದೆ ರಾಜಕೀಯ ಬೇಕಾದಷ್ಟಿತ್ತು. ಹಾಲೆಂಡ್ ಪ್ರಾಂತ್ಯದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್ ಅರ್ಮಿನಿಯಸ್ ಕಡೆಯವರಿಗೆ ಆಸರೆಯಾಗಿದ್ದ. ರಾಜಕುಮಾರ ಮೌರಿಟ್ಸ್‌ಗೆ ಅವನನ್ನು ಮುಗಿಸಬೇಕಾಗಿತ್ತು. 71 ವರ್ಷದ ಆ ಮುದುಕನ ತಲೆಯನ್ನು 1619ರ ಮೇ 13ರಂದು ಹೇಗ್ ನಗರದಲ್ಲಿ ಕಡಿದರು. ಅಂತರರಾಷ್ಟ್ರೀಯ ಕಾನೂನಿನ ಪಿತಾಮಹ ಎನ್ನುತ್ತೇವಲ್ಲ, ಅದೇ ಪಕ್ಷದ ಆ ಗ್ರೋಷಿಯಸ್‌ಗೆ ಜೀವಾವಧಿ ಸೆರೆ. ಅವನಿಗೆ ಕೋಟೆಗೆ ಪೆಟ್ಟಿಗೆಗಟ್ಟಲೆ ಪುಸ್ತಕ ಬರುತ್ತಿತ್ತು, ಓದಿ ಮುಗಿಸಿದ್ದು ವಾಪಸ್ ಹೋಗುತ್ತಿತ್ತು. ಕಾವಲಿನವರು ದಿನ ಕಳೆದಂತೆ ಪೆಟ್ಟಿಗೆ ತೆರೆದು ನೋಡುವುದನ್ನು ಬಿಟ್ಟರು. 1621ರ ಮಾರ್ಚಿನಲ್ಲಿ ಅವನ ಹೆಂಡತಿ ಪುಸ್ತಕದ ಬದಲು ಗಂಡನನ್ನೇ ಪೆಟ್ಟಿಗೆಯಲ್ಲಿ ಮಲಗಿಸಿ ಬೀಗ ಹಾಕಿ ಕಳಿಸಿದಳು. ಮನೆಯ ಕೆಲಸದ ಹುಡುಗಿ ಜೊತೆಗೆ ಹೋದಳು. ಎಲ್ಲ ಮೊದಲೇ ಬರೆದಿದೆ ಎಂದು ಸುಮ್ನೆ ಕೂರದ ಆ ಇಬ್ಬರು ಹೆಂಗಸರಿಗೆ ನನ್ನದೊಂದು ನಮಸ್ಕಾರ.

ಕ್ಯಾಥೊಲಿಕರಲ್ಲೂ ಇದೇ ಗದ್ದಲ ನಡೆದಿತ್ತು. 1547ರಲ್ಲಿ ಟ್ರೆಂಟ್ ಮಹಾಸಭೆ, ಇಚ್ಛೆ ದುರ್ಬಲವಾಗಿದೆ, ಸತ್ತಿಲ್ಲ ಎಂದಿತ್ತು. ಆದರೂ ಯೇಸು ಸಭೆಯವರು (ಜೆಸ್ವಿಟರು), ಡೊಮಿನಿಕನ್ನರು ಎಂಬ ಎರಡು ಸನ್ಯಾಸಿ ಪಂಗಡದವರು ಕಿತ್ತಾಡಿದರು. ಯಾವ ಸನ್ನಿವೇಶದಲ್ಲಿ ಯಾರು ಏನು ಆರಿಸುತ್ತಿದ್ದರು ಎಂಬುದು ದೇವರಿಗೆ ಮೊದಲೇ ಗೊತ್ತು, ಅದನ್ನು ನೋಡಿಕೊಂಡು ಲೋಕ ನಡೆಸುತ್ತಾನೆ ಎಂದು ಯೇಸು ಸಭೆಯ ಮೊಲಿನಾ ಒಂದು ಜಾಣ ದಾರಿ ಹುಡುಕಿದ. ನನಗೆ ಅದು ಜಾಣತನ ಜಾಸ್ತಿಯಾದ ದಾರಿ ಅನ್ನಿಸುತ್ತದೆ. ಬೇರೆ ಸನ್ನಿವೇಶದಲ್ಲಿ ಇಟ್ಟಿದ್ದರೆ ನಾನು ನಂಬುತ್ತಿದ್ದೆ ಎಂದಾದರೆ, ಇಲ್ಲಿ ಯಾಕೆ ಇಟ್ಟೆ ಎಂದು ಕೇಳುವ ಹಕ್ಕು ಹಾಗೇ ಉಳಿಯುತ್ತದೆ. ರೋಮ್‌ನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಸಿ 1607ರಲ್ಲಿ ಪೋಪ್ ಐದನೇ ಪಾಲ್, ಇಬ್ಬರೂ ನಿಮ್ಮ ನಿಮ್ಮ ಮತ ಇಟ್ಟುಕೊಳ್ಳಿ, ಒಬ್ಬರನ್ನೊಬ್ಬರು ಪಾಷಂಡಿ ಎನ್ನಬೇಡಿ ಎಂದು ಮನೆಗೆ ಕಳಿಸಿದ. ತೀರ್ಪು ಕೊಡದೆ ಇದ್ದದ್ದೇ ಒಳ್ಳೆಯ ತೀರ್ಪು.

ಇಂಗ್ಲೆಂಡಿಗೆ ಬರೋಣ. ಮೆಥೊಡಿಸ್ಟ್ ಪಂಥ ಕಟ್ಟಿದ ಪಾದ್ರಿ ಜಾನ್ ವೆಸ್ಲಿ ಮತ್ತು ಇನ್ನೊಬ್ಬ ಪಾದ್ರಿ ಜಾರ್ಜ್ ವೈಟ್‌ಫೀಲ್ಡ್ ಆಕ್ಸ್‌ಫರ್ಡಿನ ಗೆಳೆಯರು. (ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿಗೂ ಇವನಿಗೂ ಸಂಬಂಧ ಇಲ್ಲ.) ಇಬ್ಬರೂ ಬಯಲಲ್ಲಿ ನಿಂತು ಗಣಿ ಕಾರ್ಮಿಕರಿಗೆ ಬೋಧಿಸಿದವರು. ವೈಟ್‌ಫೀಲ್ಡ್ ಕಾಲ್ವಿನ್ ಕಡೆ, ವೆಸ್ಲಿ ಅರ್ಮಿನಿಯಸ್ ಕಡೆ. 1739ರಲ್ಲಿ ವೆಸ್ಲಿ ಬ್ರಿಸ್ಟಲ್‌ನಲ್ಲಿ ಪೂರ್ವನಿರ್ಧಾರದ ವಿರುದ್ಧ ಬೋಧನೆ ಮಾಡಿ ಅಚ್ಚು ಹಾಕಿಸಿದ. ಈ ಬೋಧನೆ ದೇವರನ್ನು ಸೈತಾನನಿಗಿಂತ ಕೆಟ್ಟವನನ್ನಾಗಿ ಮಾಡುತ್ತದೆ ಎನ್ನುವ ತನಕ ಹೋದ. ಇದರಲ್ಲೊಂದು ತಮಾಷೆ ಇದೆ. ಅದನ್ನು ಬೋಧಿಸಿ ಅಚ್ಚು ಹಾಕಿಸಬೇಕೋ ಬೇಡವೋ ಎಂದು ವೆಸ್ಲಿ ಚೀಟಿ ಎತ್ತಿ ನಿರ್ಧರಿಸಿದ್ದ! ಇಚ್ಛೆಯ ಪರವಾಗಿ ವಾದಿಸಲು ಚೀಟಿ. ವೈಟ್‌ಫೀಲ್ಡ್ ತನ್ನ ಉತ್ತರದಲ್ಲಿ ಅದನ್ನು ಬಯಲು ಮಾಡಿದ.

ವೆಸ್ಲಿ ಹೇಳಿದ್ದು ಮುಂಚಿತ ಕೃಪೆಯ ಮಾತು. ಹುಟ್ಟಿದ ಪ್ರತಿಯೊಬ್ಬನಲ್ಲೂ ದೇವರ ಕೃಪೆ ಮೊದಲೇ ಸ್ವಲ್ಪ ಕೆಲಸ ಮಾಡಿರುತ್ತದೆ, 'ಹೂಂ' ಅಥವಾ 'ಊಹೂಂ' ಎನ್ನುವಷ್ಟು ಬಲವನ್ನು ಅದೇ ಕೊಡುತ್ತದೆ ಎಂದು. ಅಂದರೆ ಸ್ವಾತಂತ್ರ್ಯವೂ ಕೃಪೆಯ ಕೊಡುಗೆಯೇ. ಇದಕ್ಕೆ ಅವನು ತೆತ್ತದ್ದು ಏನು? ಲೂಥರ್‌ನ ನಿದ್ದೆ. ಇವತ್ತು ಹೂಂ ಎಂದವನು ನಾಳೆ ಜಾರಿ ಬೀಳಬಹುದು ಎಂದು ವೆಸ್ಲಿ ಒಪ್ಪಬೇಕಾಯಿತು. ಜಗಳವಾದರೂ ಇಬ್ಬರೂ ಗೆಳೆತನ ಬಿಡಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ, ಲಂಡನ್ನಿನಲ್ಲಿ ಸ್ಮರಣೆಯ ಬೋಧನೆ ಮಾಡಿದ್ದು ಅವನ ಇಷ್ಟದಂತೆ ವೆಸ್ಲಿಯೇ.

ಈ ಎರಡು ಹೊಳೆಗಳೂ ನಮ್ಮ ನಾಡಿಗೆ ಹರಿದಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರ್ ಪರಂಪರೆಯವರೂ ಕಾಲ್ವಿನ್ ಪರಂಪರೆಯವರೂ ಒಟ್ಟಿಗೆ ಇದ್ದರು. ಬೆಂಗಳೂರು, ಮೈಸೂರು ಕಡೆ ಕೆಲಸ ಮಾಡಿದ್ದು ವೆಸ್ಲಿಯನ್ ಮಿಶನ್. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮುಂತಾದ ಸಭೆಗಳು ಸೇರಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಡಾರ್ಡ್ರೆಕ್ಟಿನಲ್ಲಿ ಒಂದೇ ಕೋಣೆಯಲ್ಲಿ ಕೂರಲಾಗದವರ ಮೊಮ್ಮಕ್ಕಳು ಇಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಯಾರ ಸಿದ್ಧಾಂತ ಯಾವುದೆಂದು ಯಾರೂ ಕೇಳುವುದಿಲ್ಲ. ಕೆಲವೊಮ್ಮೆ ಕೇಳಬಾರದೇ ಎಂದೂ ನನಗೆ ಅನ್ನಿಸುತ್ತದೆ. ಲೂಥರನ್ನರೂ ಕ್ಯಾಥೊಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಆಮೇಲೆ ಮೆಥೊಡಿಸ್ಟರೂ ಕಾಲ್ವಿನ್ ಪರಂಪರೆಯ ಸಭೆಗಳೂ ಅದಕ್ಕೆ ಸೇರಿಕೊಂಡವು. ರಕ್ಷಣೆ ಕೃಪೆಯಿಂದ ಎಂಬುದರಲ್ಲಿ ಈಗ ಎಲ್ಲರೂ ಒಂದು. ಆ ಕೃಪೆಯನ್ನು ಬೇಡವೆನ್ನಬಹುದೇ ಎಂಬುದು ಇನ್ನೂ ಬಾಕಿ.

ಈಗ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದ್ದು, 'ಮೇಡಂ, ಇದು ನಮ್ಮ ಕೋತಿಮರಿ, ಬೆಕ್ಕಿನಮರಿ ಕತೆಯೇ ಅಲ್ವಾ?' ಹೌದು. ರಾಮಾನುಜರ ಪರಂಪರೆಯಲ್ಲಿ ವಡಗಲೈಯವರು ಕೋತಿಮರಿಯ ಉದಾಹರಣೆ ಕೊಡುತ್ತಾರೆ, ಮರಿಯೂ ತಾಯಿಯನ್ನು ಹಿಡಿದುಕೊಳ್ಳಬೇಕು. ತೆಂಗಲೈಯವರದು ಬೆಕ್ಕಿನಮರಿ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವೆಸ್ಲಿಗೂ ಲೂಥರ್‌ಗೂ ಇದು ಚೆನ್ನಾಗಿ ಹೊಂದುತ್ತದೆ. ಉಡುಪಿಯ ಮಧ್ವಾಚಾರ್ಯರ ಜೀವತ್ರೈವಿಧ್ಯವನ್ನು (ಮುಕ್ತಿಗೆ ಅರ್ಹರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಹೋಗುವವರು ಎಂದು ಜೀವಗಳಲ್ಲಿ ಮೂರು ಬಗೆ) ಕಾಲ್ವಿನ್ ಪಕ್ಕ ಇಟ್ಟು ನೋಡುವವರೂ ಇದ್ದಾರೆ. ಅಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಮಧ್ವರಲ್ಲಿ ಜೀವದ ಸ್ವಭಾವ ಅನಾದಿ, ದೇವರು ಅದನ್ನು ಹುಟ್ಟಿಸಿದ್ದಲ್ಲ. ಕ್ರೈಸ್ತ ದೇವರು ಏನೂ ಇಲ್ಲದ ಕಡೆಯಿಂದ ಮನುಷ್ಯನನ್ನು ಸೃಷ್ಟಿಸಿದವನು. ಹಾಗಾಗಿ ಬೋಲ್ಸೆಕ್‌ನ ಪ್ರಶ್ನೆ ಕ್ರೈಸ್ತರಲ್ಲಿ ಹೆಚ್ಚು ಚುಚ್ಚುತ್ತದೆ.

ಎರಡನೇ ಪ್ರಶ್ನೆ ಒಬ್ಬ ನರ್ಸಮ್ಮನದು. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. 'ಹುಟ್ಟಿದ ಕೂಡಲೇ ತೀರಿಕೊಂಡ ಮಗು? ಅದು ಏನು ಆರಿಸುತ್ತದೆ?' ಎಂದರು. ಇಡೀ ಚರ್ಚೆಯ ನಿಜವಾದ ಪರೀಕ್ಷೆ ಇದೇ. ಅಗಸ್ಟೀನ್ ಇದನ್ನು ತಪ್ಪಿಸಿಕೊಳ್ಳಲಿಲ್ಲ. ನಂಬುವ ತಂದೆತಾಯಿ ಓಡೋಡಿ ಬರುತ್ತಾರೆ, ಪಾದ್ರಿಯೂ ಸಿದ್ಧನಿದ್ದಾನೆ, ಆದರೂ ಕ್ರೈಸ್ತನನ್ನಾಗಿಸುವ ದೀಕ್ಷಾಸ್ನಾನಕ್ಕೆ ಮೊದಲೇ ಮಗು ಹೋಗಿಬಿಡುತ್ತದೆ. ನಂಬದವರ ಮಗುವಿಗೆ ಯಾರಿಂದಲೋ ಅದು ಸಿಗುತ್ತದೆ ಎಂದು ಅವನೇ ಬರೆದ. ಸಿಗದ ಮಗುವಿಗೆ ಶಿಕ್ಷೆ ಇದೆ, ಎಲ್ಲಕ್ಕಿಂತ ಹಗುರವಾದದ್ದು ಎಂದ. ಮಧ್ಯಯುಗದವರಿಗೆ ಅದನ್ನು ಸಹಿಸಲಾಗಲಿಲ್ಲ. ನೋವೂ ಇಲ್ಲದ, ದೇವರ ದರ್ಶನವೂ ಇಲ್ಲದ ಲಿಂಬೋ ಎಂಬ ನಡುವಿನ ಜಾಗವನ್ನು ಅವರು ಹೇಳತೊಡಗಿದರು. ಅಷ್ಟು ಕಠಿಣವಾದ ಡಾರ್ಡ್ರೆಕ್ಟ್ ಸಭೆಯೂ ಇಲ್ಲಿ ಮೆತ್ತಗಾಯಿತು. ಎಳೆತನದಲ್ಲೇ ತೀರಿಕೊಂಡ ಮಕ್ಕಳ ರಕ್ಷಣೆಯ ಬಗ್ಗೆ ಭಕ್ತ ತಂದೆತಾಯಿ ಅನುಮಾನ ಪಡಬೇಕಾಗಿಲ್ಲ ಎಂದು ಬರೆಯಿತು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಇಂಥ ಮಕ್ಕಳಿಗೆ ರಕ್ಷಣೆ ಇದೆ ಎಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದಿತು. ಖಚಿತವಾಗಿ ಗೊತ್ತು ಎನ್ನಲಿಲ್ಲ.

ಇಚ್ಛೆಯ ಪಕ್ಷದವರಿಗೂ ಇದು ಸುಲಭವಲ್ಲ. ಆರಿಸಿಕೊಂಡರೆ ರಕ್ಷಣೆ ಎಂದಾದರೆ ಆರಿಸಲಾಗದ ಮಗುವಿಗೆ ದಾರಿ ಏನು? ಆದಾಮನ ಅಪರಾಧಕ್ಕಾಗಿ ಯಾವ ಮಗುವೂ ನರಕಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ ಎಂದ ವೆಸ್ಲಿ. ಅಂದರೆ ಮಗುವಿನ ಮಟ್ಟಿಗೆ ಅವನೂ ಇಚ್ಛೆಯನ್ನು ಬದಿಗಿಟ್ಟು ಪೂರ್ತಿ ಕೃಪೆಯ ಮೇಲೇ ಭಾರ ಹಾಕಿದ.

'ಹಾಗಾದರೆ ದೊಡ್ಡವರಿಗೆ ಮಾತ್ರ ಯಾಕೆ ಬೇರೆ ಲೆಕ್ಕ?' ಎಂದರು ನರ್ಸಮ್ಮ. ಕಾಲ್ವಿನ್ ಕಡೆಯವರು ವೆಸ್ಲಿಯನ್ನು ಕೇಳುವುದೂ ಅದನ್ನೇ.